ಹನ್ನೆರಡನೆಯ ಸೂಜಿ

ನಮ್ಮ ಚಿಕ್ಕಮ್ಮ ಒಂದು ಕಡೆ ಕೂತು ಊಟ ಮಾಡಿದ್ದನ್ನು ನಾನು ಕಂಡವಳಲ್ಲ. ತಟ್ಟೆ ಕೈಯಲ್ಲಿ ಹಿಡಿದು, ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ, ಕಣ್ಣು ನೆಲದ ಮೇಲಿಟ್ಟು ತಿನ್ನುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನಮ್ಮಮ್ಮ ತನ್ನ ಈ ತಂಗಿಯನ್ನು ಬೈಯುತ್ತಿರುತ್ತಾಳೆ. ಹೊಲಿಗೆ ಮೆಷಿನ್ನಿನ ಮುಂದೆ ಮಾತ್ರ ಕೂರುತ್ತಾಳೆ, ಅಲ್ಲೂ ಪಾದಗಳಿಗೆ ಪುರುಸೊತ್ತಿಲ್ಲ.

ಅಂಗಡಿ ಅಂದರೆ ರಸ್ತೆಗೆ ಬಾಗಿಲಿರುವ ಒಂದು ಕೋಣೆ. ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಆಳುದ್ದದ ಕನ್ನಡಿ, ಬಟ್ಟೆ ಹಾಕಿ ನೋಡುವವರಿಗೆ ಒಂದು ಪರದೆ. ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮನ ಸಂಸಾರ. ಸಂಸಾರ ಎಂದರೆ ಅವಳು ಮತ್ತು ಗುಂಡಿ. ಗುಂಡಿ ಅವಳ ನಾಯಿ. ಕಂದು ಬಣ್ಣ, ಎದೆಯ ಮೇಲೆ ಅಂಗಿಯ ಗುಂಡಿಗಳ ಹಾಗೆ ಸಾಲಾಗಿ ಮೂರು ಬಿಳಿ ಚುಕ್ಕೆ, ಅದಕ್ಕೇ ಆ ಹೆಸರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಚಿಕ್ಕಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು, "ಬಂದವರ ಅಳತೆ ಸರಿಹೋಗ್ಲಿಲ್ಲ" ಎನ್ನುತ್ತಾಳೆ.

ನಾನು ಅವಳ ಹತ್ತಿರ ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಕಾಲರು, ಕಫು, ಅಂಗಿಗುಂಡಿಗಳ ಕಾಜ ನನ್ನ ಪಾಲಿನ ಕೆಲಸ. ಹೊಲಿದ ಕಾಲರನ್ನು ಮಗುಚಿದ ಮೇಲೆ ಅದರ ಎರಡು ಮೂಲೆಗಳನ್ನು ಒಳಗಿನಿಂದ ತಳ್ಳಿ ಚೂಪು ಮಾಡಬೇಕು. ಕತ್ತರಿಯ ತುದಿಯಿಂದ ತಳ್ಳಿದರೆ ಬಟ್ಟೆ ತೂತಾಗುತ್ತದೆ. ಅದಕ್ಕೆ ನಾನು ಐಸ್‌ಕ್ರೀಮ್ ಕಡ್ಡಿಯ ಒಂದು ತುದಿಯನ್ನು ಬ್ಲೇಡಿನಿಂದ ಕೆತ್ತಿ ಬಳಸುತ್ತೇನೆ. ಹಳೆಯ ಪೌಡರ್ ಡಬ್ಬಿಯ ತುಂಬ ಅಂಥ ಕಡ್ಡಿಗಳಿವೆ.

ಚಿಕ್ಕಮ್ಮನ ಚಡಪಡಿಕೆಗೆ ಮೂಲ ಇನ್ನೊಂದು ನಾಯಿ. ಅದರ ಹೆಸರು ತಾತ. ಮರಿಯಾಗಿದ್ದಾಗಲೇ ಬಿಳಿ ಗಡ್ಡ ಇತ್ತಂತೆ. ನಾನು ಕೆಲಸಕ್ಕೆ ಸೇರುವ ಮೂರು ವರ್ಷ ಮೊದಲು ಆ ನಾಯಿ ದಾರ ಪೋಣಿಸಿದ ಸೂಜಿಯನ್ನು ನುಂಗಿ, ಮೂರನೆಯ ದಿನ ಸತ್ತುಹೋಯಿತು. ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಇಷ್ಟೇ ಗೊತ್ತು. ಅದಕ್ಕಿಂತ ಒಂದು ಮಾತು ಹೆಚ್ಚು ಕೇಳಿದರೆ ಚಿಕ್ಕಮ್ಮ ಮೆಷಿನ್ನಿನ ಸದ್ದು ಜೋರು ಮಾಡುತ್ತಿದ್ದಳು.

ಅಂದಿನಿಂದ ಅಂಗಡಿಯಲ್ಲಿ ಗುಂಡುಸೂಜಿಗೆ ಬಹಿಷ್ಕಾರ. ಕೈಸೂಜಿಗಳು ಲೆಕ್ಕ ಮಾಡಿ ಹನ್ನೆರಡು, ಎಲ್ಲವೂ ಒಂದು ಕೆಂಪು ದಿಂಬಿನಲ್ಲಿ ಚುಚ್ಚಿರಬೇಕು. ಅಂಗಿಯ ಎದೆಗೋ ಕೊರಳಪಟ್ಟಿಗೋ ಸೂಜಿ ಸಿಕ್ಕಿಸಿಕೊಳ್ಳುವ ದರ್ಜಿಗಳ ಚಾಳಿ ಇಲ್ಲಿ ನಡೆಯುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆದಾಗ ಒಮ್ಮೆ, ಮಧ್ಯಾಹ್ನ ಒಮ್ಮೆ, ಷಟರ್ ಎಳೆಯುವ ಮೊದಲು ಒಮ್ಮೆ ಎಣಿಕೆ. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದನ್ನು ಕೋಲಿಗೆ ಕಟ್ಟಿ, ದಿನಾ ಪೊರಕೆಯ ಹಿಂದೆ ಅದನ್ನೂ ಆಡಿಸಬೇಕು. "ನಿನ್ನ ಸೂಜಿಗಳಿಗೆ ಹಾಜರಾತಿ ಪುಸ್ತಕ ಒಂದಿಲ್ಲ ನೋಡು" ಎಂದು ನಾನು ಛೇಡಿಸುತ್ತಿದ್ದೆ. ಅವಳು ನನ್ನ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ.

ತನ್ನ ನಾಯಿಯನ್ನು ಕಾದರೆ ಸಾಲದೆಂದು ಊರಿನ ನಾಯಿಗಳೆಲ್ಲವನ್ನೂ ಮೈಮೇಲೆ ಹಾಕಿಕೊಂಡಳು. ಸೊಂಟದ ಅಳತೆ ಕೊಡಲು ಬಂದವರಿಗೆ ಉಪದೇಶ ಉಚಿತ. ದ್ರಾಕ್ಷಿ ಕೊಡಬೇಡಿ, ಒಣದ್ರಾಕ್ಷಿಯಂತೂ ಬೇಡವೇ ಬೇಡ. ಚಾಕೊಲೇಟು ಮಕ್ಕಳ ಕೈಗೆ ಎಟುಕಿದರೆ ನಾಯಿ ಬಾಯಿಗೂ ಎಟುಕುತ್ತದೆ. ಬೇಯಿಸಿದ ಕೋಳಿಮೂಳೆ ಸೀಳಿ ಚೂರಾಗುತ್ತದೆ. ನಿಮ್ಮ ತಲೆನೋವಿನ ಮಾತ್ರೆ ಅದರ ಪ್ರಾಣ ತೆಗೆಯಬಹುದು. ಇಲಿಪಾಷಾಣ ಇಟ್ಟಿದ್ದೀರಾ, ಎಲ್ಲಿಟ್ಟಿದ್ದೀರಾ, ಎಷ್ಟು ದಿನ ಆಯಿತು? ಪಾಪ, ಬಂದವರು ಒಂದು ಜಿಪ್ಪು ಹಾಕಿಸಿಕೊಳ್ಳಲು ಬಂದಿರುತ್ತಾರೆ. ನಾಯಿಯೇ ಇಲ್ಲದವರೂ ತಲೆಯಾಡಿಸಿ ಹೋಗುತ್ತಿದ್ದರು.

ಒಂದು ಬಿರುಬಿಸಿಲಿನ ದಿನ ಎದುರುಗಡೆ ನಿಲ್ಲಿಸಿದ್ದ ಕಾರಿನೊಳಗೆ ನಾಯಿಯೊಂದು ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಕಿಟಕಿಗಳು ಭದ್ರವಾಗಿ ಮುಚ್ಚಿದ್ದವು. ಚಿಕ್ಕಮ್ಮ ಕಾರಿನ ಮೂತಿಗೆ ಬಡಿಬಡಿದು ಅದರ ಅಲಾರಂ ಬೀದಿಗೆಲ್ಲ ಕೇಳುವಂತೆ ಅರಚಿಕೊಳ್ಳುವ ಹಾಗೆ ಮಾಡಿದಳು. ಕಾರಿನವನು ಕೋಟು ಹಾರಿಸಿಕೊಂಡು ಓಡಿಬಂದು, "ಏನಮ್ಮಾ ಇದು, ತಲೆ ಕೆಟ್ಟಿದೆಯಾ?" ಎಂದು ರೇಗಿದ. ಚಿಕ್ಕಮ್ಮ, "ಆ ಕೋಟು ಹಾಕ್ಕೊಂಡೇ ಒಳಗೆ ಹತ್ತು ನಿಮಿಷ ಕೂತ್ಕೊಳ್ಳಿ. ಬಾಗಿಲು ನಾನು ಹಾಕ್ತೀನಿ. ಆಮೇಲೆ ಯಾರ ತಲೆ ಕೆಟ್ಟಿದೆ ಅಂತ ಮಾತಾಡೋಣ" ಎಂದಳು. ಅವನು ನಾಯಿಯನ್ನು ಇಳಿಸಿದ. ಕೋಟಿನ ತೋಳು ಅರ್ಧ ಇಂಚು ಉದ್ದವಾಗಿತ್ತು ಎಂದು ಒಳಗೆ ಬಂದ ಮೇಲೆ ನನಗೆ ಹೇಳಿದಳು.

ಇಷ್ಟೆಲ್ಲ ಕಾವಲಿದ್ದ ಅಂಗಡಿಯಲ್ಲೇ ಆ ದಿನ ಬಂತು.

ಶಾಲೆಯೊಂದಕ್ಕೆ ನಲವತ್ತು ಸಮವಸ್ತ್ರದ ಅಂಗಿಗಳನ್ನು ಸಂಜೆಯೊಳಗೆ ಕೊಡಬೇಕಿತ್ತು. ನಾನು ಬೆಳಗ್ಗೆಯಿಂದ ಕಾಲರುಗಳಲ್ಲಿ ಮುಳುಗಿದ್ದೆ. ನಡುವೆ ಒಮ್ಮೆ ಕಡ್ಡಿ ಎಲ್ಲೋ ಬಿದ್ದುಹೋಯಿತು. ಡಬ್ಬಿಯಿಂದ ಇನ್ನೊಂದು ತೆಗೆದುಕೊಂಡು ಕೆಲಸ ಮುಂದುವರಿಸಿದೆ. ಅಷ್ಟರಲ್ಲಿ ಬಸ್ ಡ್ರೈವರ್ ಒಬ್ಬರು ನುಗ್ಗಿ ಬಂದರು. ಪ್ಯಾಂಟಿನ ಕಾಲಮಡಿಕೆ ಬಿಚ್ಚಿ ನೆಲ ಗುಡಿಸುತ್ತಿತ್ತು, ಡ್ಯೂಟಿಗೆ ಐದೇ ನಿಮಿಷ. ಬಿಚ್ಚಿ ಕೊಡುವಷ್ಟು ಹೊತ್ತಿಲ್ಲ. ಚಿಕ್ಕಮ್ಮ ಅವರ ಪಾದದ ಬಳಿ ಮೊಣಕಾಲೂರಿ, ನಿಂತಂತೆಯೇ ನೀಲಿ ದಾರದಲ್ಲಿ ಹೊಲಿದು ಕಳಿಸಿದಳು. ಅವರು ಹೋದರು, ಇಸ್ತ್ರಿ ಕಾದಿತ್ತು, ಫೋನು ಹೊಡೆದುಕೊಂಡಿತು, ಅವಳು ಎದ್ದಳು.

ಹನ್ನೊಂದರ ಹೊತ್ತಿಗೆ ಮೇಜಿನ ಕೆಳಗಿದ್ದ ಗುಂಡಿ ಎದ್ದು ಬಂತು. ತಲೆ ಕೊಡವಿತು. ನಾಲಿಗೆಯಲ್ಲಿ ತುಟಿ ಸವರಿ ಸವರಿ, ಗುಟಕ್ಕೆಂದು ಏನನ್ನೋ ನುಂಗುವಂತೆ ಮಾಡಿತು. ಮುಂಗಾಲಿನಿಂದ ಬಾಯಿ ಕೆರೆದುಕೊಂಡಿತು. ಜೊಲ್ಲು ನೂಲಿನಂತೆ ಇಳಿಯಿತು.

ಚಿಕ್ಕಮ್ಮ ನಾಯಿಯ ಕಡೆ ನೋಡಲಿಲ್ಲ, ಕೆಂಪು ದಿಂಬಿನ ಕಡೆ ನೋಡಿದಳು. ಬೆರಳಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು. ನನ್ನ ಕೈಯಲ್ಲೂ ಎಣಿಕೆ ಮಾಡಿಸಿದಳು. ಹನ್ನೊಂದು. ಆ ಚಕ್ರದ ಕಾಲಿನ ಹೆಂಗಸು ಕುಸಿದು ನೆಲದ ಮೇಲೆ ಕೂತುಬಿಟ್ಟಳು.

ಕೂತದ್ದು ಒಂದೇ ಗಳಿಗೆ. ಆಮೇಲೆ ಅಂಗಡಿಯನ್ನು ಬುಡಮೇಲು ಮಾಡಿದೆವು. ನಾನು ಅಯಸ್ಕಾಂತದ ಕೋಲನ್ನು ನೆಲ, ಮೇಜು, ಮೆಷಿನ್ನಿನ ಕೆಳಗೆಲ್ಲ ಎಳೆದಾಡಿದೆ. ಎರಡು ಹುಕ್ಕು, ಒಂದು ಹೇರ್‌ಪಿನ್ನು, ಅರ್ಧ ಬ್ಲೇಡು ಸಿಕ್ಕವು. ಸೂಜಿ ಸಿಗಲಿಲ್ಲ. ನಲವತ್ತು ಅಂಗಿಗಳನ್ನೂ ಒಂದೊಂದಾಗಿ ಕೊಡವಿ, ಹೊಲಿಗೆಗಳ ಮೇಲೆ ಬೆರಳಾಡಿಸಿದೆವು. ಚಿಕ್ಕಮ್ಮ ಡ್ರೈವರಿಗೆ ಫೋನು ಮಾಡಿ, ಪ್ಯಾಂಟಿನಲ್ಲೇ ಸೂಜಿ ಉಳಿದಿದೆಯಾ ನೋಡಿ ಎಂದು ಅಂಗಲಾಚಿದಳು. ಆ ಪುಣ್ಯಾತ್ಮರು ನಿಲ್ದಾಣದಲ್ಲಿ ಬಸ್ ನಿಲ್ಲಿಸಿಯೇ ತಡಕಾಡಿದರು. "ಇಲ್ಲ ಮೇಡಂ, ಎರಡೂ ಕಾಲು ನೋಡ್ದೆ. ಬಸ್ಸಿನೋರೆಲ್ಲ ನನ್ನೇ ನೋಡ್ತಾ ಇದಾರೆ, ಇಡ್ಲಾ?" ಎಂದರು.

"ಒಂದಿಷ್ಟು ಬ್ರೆಡ್ ತಿನ್ಸಿದ್ರೆ ಕೆಳಗಿಳಿದು ಹೋಗಲ್ವಾ?" ಎಂದೆ ನಾನು.

"ಏನೂ ಕೊಡ್ಬೇಡ. ಹೊಟ್ಟೆ ಕುಯ್ಯಬೇಕಾದ್ರೆ ಖಾಲಿ ಇರ್ಬೇಕು."

"ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋಣ."

"ಥೂ, ಬಾಯಿ ಮುಚ್ಚು! ಉಪ್ಪುನೀರೇ ಒಂದು ವಿಷ. ಅದೂ ಅಲ್ದೆ ಚೂಪಾಗಿರೋದು ಒಳಗೆ ಹೋಗುವಾಗ ಒಂದ್ಸಲ ಚುಚ್ಚಿದ್ರೆ ಬರುವಾಗ ಹತ್ತು ಸಲ ಚುಚ್ಚುತ್ತೆ ಕಣೇ."

ನಾನು ಗುಂಡಿಯ ಬಾಯಿಯ ಕಡೆ ಕೈ ಚಾಚಿದೆ, ದಾರವೇನಾದರೂ ಕಾಣುತ್ತದೋ ನೋಡೋಣ ಎಂದು. ಚಿಕ್ಕಮ್ಮ ನನ್ನ ಮಣಿಕಟ್ಟನ್ನು ಹಿಡಿದು, ಬಳೆ ಒಡೆಯುವಷ್ಟು ಜೋರಾಗಿ ಅಮುಕಿ, "ಎಳೀಬೇಡ!" ಎಂದು ಕಿರುಚಿದಳು. ನಾನೇನನ್ನೂ ಮುಟ್ಟಿರಲೇ ಇಲ್ಲ. ಅವಳ ಮುಖ ನೋಡಿ ನನಗೆ ಗುಂಡಿಗಿಂತ ಅವಳ ಬಗ್ಗೆಯೇ ಭಯವಾಯಿತು.

ಆಸ್ಪತ್ರೆ ನಮ್ಮ ಬೀದಿಯಿಂದ ನಡೆದರೆ ಇಪ್ಪತ್ತು ನಿಮಿಷ. ನಿಲ್ಲಿಸಿದ ಎರಡು ಟ್ಯಾಕ್ಸಿಯವರೂ ಜೊಲ್ಲು ನೋಡಿ ತಲೆ ಅಲ್ಲಾಡಿಸಿದರು. ನಡೆಸೋಣ ಎಂದರೆ ಟಾರು ಕಾದು ಕೂತಿತ್ತು. ಚಿಕ್ಕಮ್ಮ ಬಗ್ಗಿ ಅಂಗೈಯನ್ನು ರಸ್ತೆಗೆ ಒತ್ತಿ, ನಾಲ್ಕು ಎಣಿಸುವುದರೊಳಗೆ ಕಿತ್ತುಕೊಂಡಳು. ನನ್ನ ಕೈಯಲ್ಲಿ ತಡೆಯೋಕಾಗಲ್ಲ ಅಂದಮೇಲೆ ಅದರ ಪಾದಕ್ಕೂ ಆಗಲ್ಲ ಎಂದು, ಕೆಲಸದ ಬೂದು ಕೋಟು ತೊಟ್ಟಂತೆಯೇ ಹದಿನಾರು ಕಿಲೋದ ನಾಯಿಯನ್ನು ಎದೆಗವುಚಿಕೊಂಡು ಹೊರಟಳು. ಕೊಡು, ನಾನು ಸ್ವಲ್ಪ ದೂರ ಎತ್ತಿಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಬ್ಯಾಂಕು, ಎಲ್ಲದರ ಮುಂದೆಯೂ ಅವಳು ಮುಂದೆ, ಕೊಡೆ ಹಿಡಿದು ನಾನು ಹಿಂದೆ.

ಆಸ್ಪತ್ರೆಯ ಡಾಕ್ಟರಮ್ಮನಿಗೆ ನಾವು ಹಳಬರು. ಟಾರ್ಚು ಹಿಡಿದು ಗುಂಡಿಯ ನಾಲಿಗೆ ಎತ್ತಿ ನೋಡಿದರು. "ನಾಲಿಗೆ ಕೆಳಗೆ ದಾರ ಸುತ್ತಿಕೊಂಡಿಲ್ಲ, ಅಷ್ಟು ಒಳ್ಳೇದಾಯ್ತು" ಎನ್ನುವಷ್ಟರಲ್ಲಿ ಗುಂಡಿ ತಲೆ ಜಗ್ಗಿ ಬಾಯಿ ಬಿಗಿದುಕೊಂಡಿತು. "ಸೂಜಿ ಡಾಕ್ಟ್ರೇ, ಸೂಜಿ, ಫೋಟೋ ತೆಗೀರಿ ಮೊದ್ಲು" ಎಂದು ಚಿಕ್ಕಮ್ಮ ಅವರ ಪ್ರಾಣ ಹಿಂಡಿದಳು. ಎಕ್ಸ್‌ರೇ ಕೋಣೆಯಲ್ಲಿ ಕಾಲು ಮುರಿದ ಬೆಕ್ಕೊಂದು ಇತ್ತು. ನಾವು ಬೆಂಚಿನ ಮೇಲೆ ಕಾಯಬೇಕಾಯಿತು.

ಚಿಕ್ಕಮ್ಮನ ಕಾಲುಗಳು ನೆಲವನ್ನು ತುಳಿಯುತ್ತಲೇ ಇದ್ದವು, ಅಲ್ಲೊಂದು ಮೆಷಿನ್ನು ಇದೆಯೇನೋ ಎನ್ನುವ ಹಾಗೆ. ಗುಂಡಿಯ ತಲೆ ಅವಳ ತೊಡೆಯ ಮೇಲಿತ್ತು. ಅವಳು ನನ್ನ ಕಡೆ ತಿರುಗದೆ, ಗೋಡೆಯ ಮೇಲಿನ ಉಣ್ಣೆಹುಳದ ದೊಡ್ಡ ಚಿತ್ರವನ್ನೇ ನೋಡುತ್ತಾ ಹೇಳಿದಳು.

"ತಾತನ್ನ ಸೂಜಿ ಕೊಲ್ಲಲಿಲ್ಲ ಕಣೇ."

"ಮತ್ತೆ?"

"ಬಾಯಿಂದ ದಾರ ಹೊರಗಿತ್ತು. ಇಷ್ಟೇ ಇಷ್ಟು, ಒಂದು ಗೇಣು. ದಾರ ಕಂಡ್ರೆ ದರ್ಜಿ ಏನ್ ಮಾಡ್ತಾಳೆ? ಎಳೆದೆ. ಬರ್ಲಿಲ್ಲ. ಇನ್ನೂ ಜೋರಾಗಿ ಎಳೆದೆ. ಸೂಜಿ ಒಳಗೆಲ್ಲೋ ನಾಟಿಕೊಂಡಿತ್ತು, ನಾನು ಎಳೆದೂ ಎಳೆದೂ ಗಂಟಲು ಸೀಳಿಬಿಟ್ಟೆ. ಹಾಗೇ ಬಿಟ್ಟು ಎತ್ತಿಕೊಂಡು ಬಂದಿದ್ರೆ ಉಳೀತಿತ್ತು ಅಂದ್ರು ಆಗಿನ ಡಾಕ್ಟ್ರು. ನಿಮ್ಮಮ್ಮಂಗೂ ಹೇಳಿಲ್ಲ. ಸೂಜಿ ನುಂಗಿ ಸತ್ತೋಯ್ತು ಅಂತಂದೆ. ಎಲ್ರೂ ಪಾಪ ಪಾಪ ಅಂದ್ರು ನಂಗೆ."

ಆರು ವರ್ಷ ಅವಳ ಎಣಿಕೆಯನ್ನು ಆಡಿಕೊಂಡು ನಕ್ಕಿದ್ದೆನಲ್ಲ, ಈಗ ಗುಂಡಿಯ ಜೊಲ್ಲನ್ನು ಅಂಗೈಯಿಂದ ಒರೆಸಿದೆ. ಅಷ್ಟರಲ್ಲಿ ಕಾಂಪೌಂಡರ್ ಬಂದು ಕರೆದ.

ಗುಂಡಿ ಆ ಲೋಹದ ಮೇಜಿನ ಮೇಲೆ ಮಲಗಲು ಒಪ್ಪಲಿಲ್ಲ. ಚಿಕ್ಕಮ್ಮನೇ ಹಿಡಿಯಬೇಕಾಯಿತು. ಎದೆಗೆ ಎಕ್ಸ್‌ರೇ ತಡೆಯುವ ಭಾರದ ಕವಚ ಕಟ್ಟಿಕೊಂಡು, ಪಕ್ಕಕ್ಕೆ ಮಲಗಿದ ನಾಯಿಯ ಹಿಂಗಾಲುಗಳನ್ನು ಅವಳು ಹಿಡಿದಳು, ಮುಂಗಾಲುಗಳನ್ನು ಕಾಂಪೌಂಡರ್ ಹಿಡಿದ. ನನ್ನನ್ನು ಹೊರಗೆ ಕಳಿಸಿದರು. ಐದು ನಿಮಿಷದ ಮೇಲೆ ಡಾಕ್ಟರಮ್ಮ ನಮ್ಮನ್ನು ಪರದೆಯ ಮುಂದೆ ನಿಲ್ಲಿಸಿ, ಬೂದು ಹೊಟ್ಟೆಯ ಕೆಳಭಾಗದಲ್ಲಿ ಬೆರಳಿಟ್ಟರು. ಅಲ್ಲಿ ಬೆಳ್ಳಗೆ, ತೆಳ್ಳಗೆ, ನೆಟ್ಟಗೆ ಒಂದು ಗೆರೆ. ದಾರ ಪೋಣಿಸುವ ತೂತೂ ಕಣ್ಣಿಗೆ ಕಾಣುತ್ತಿತ್ತು.

ಚಿಕ್ಕಮ್ಮ ಗೋಡೆ ಹಿಡಿದುಕೊಂಡಳು. "ಆಪರೇಷನ್ ಮಾಡಿ. ಈಗ್ಲೇ ಮಾಡಿ. ನಾನು ಏನೂ ಎಳೆದಿಲ್ಲ ಡಾಕ್ಟ್ರೇ, ದೇವ್ರಾಣೆ, ಮುಟ್ಟೂ ಇಲ್ಲ. ಹಾಗೇ ತಂದಿದೀನಿ."

"ಗೊತ್ತಮ್ಮ. ಒಳ್ಳೇದು ಮಾಡಿದ್ರಿ. ಅಂಗಾತ ಮಲಗಿಸಿ ಇನ್ನೊಂದು ತೆಗೀಬೇಕು, ಎಷ್ಟು ಆಳದಲ್ಲಿದೆ ಅಂತ ತಿಳೀಬೇಕಲ್ಲ. ನೀವು ನಡುಗ್ತಾ ಇದೀರಿ, ಹೊರಗೆ ಕೂತ್ಕೊಳ್ಳಿ. ಸ್ವಲ್ಪ ಮತ್ತಿನ ಔಷಧಿ ಕೊಟ್ಟು ನಾವೇ ಹಿಡ್ಕೋತೀವಿ."

ಆ ಹತ್ತು ನಿಮಿಷದಲ್ಲಿ ಚಿಕ್ಕಮ್ಮ ಆ ಸಣ್ಣ ಕೋಣೆಯಲ್ಲಿ ಎಷ್ಟು ದೂರ ನಡೆದಳೋ ದೇವರಿಗೇ ಗೊತ್ತು. ಒಪ್ಪಿಗೆಯ ಕಾಗದ ಬಂತು. ಓದಲೂ ಇಲ್ಲ, ಪೆನ್ನು ಕಿತ್ತುಕೊಂಡಳು. ಸಹಿ ಹಾಕಲು ತೋಳನ್ನು ಮೇಜಿನ ಮೇಲೆ ಊರಿದವಳು "ಸ್ಸ್" ಎಂದು ಕೈ ಹಿಂದಕ್ಕೆಳೆದಳು. ಅದೇ ಹೊತ್ತಿಗೆ ಡಾಕ್ಟರಮ್ಮ ಒಳಗಿನಿಂದ ಬಂದು, ಗೊಂದಲದ ಮುಖದಲ್ಲಿ, "ವಿಚಿತ್ರ ಕಣಮ್ಮ. ಎರಡನೇದ್ರಲ್ಲಿ ಸೂಜಿ ಇಲ್ವೇ ಇಲ್ಲ" ಎಂದರು.

ನಾನು ಚಿಕ್ಕಮ್ಮನ ಕೋಟಿನ ತೋಳು ನೋಡುತ್ತಿದ್ದೆ. ಮಡಚಿದ ತುದಿಯ ಒಳಮಡಿಕೆಯಲ್ಲಿ ಸೂಜಿ ಅಡಗಿ ಕೂತಿತ್ತು. ಅದರ ಬಾಲದಲ್ಲಿ ಎರಡಿಂಚು ನೀಲಿ ದಾರ. ಡ್ರೈವರಿನ ಕಾಲ ಬಳಿ ಮೊಣಕಾಲೂರಿದವಳು ಏಳುವ ಆತುರದಲ್ಲಿ, ಒಂಬತ್ತು ವರ್ಷದಿಂದ ಮಾಡದ ಹಳೆಯ ಚಾಳಿಯನ್ನು ಮಾಡಿದ್ದಳು. ತಲೆಗೆ ತಿಳಿಯುವ ಮೊದಲೇ ಕೈ ಸೂಜಿಯನ್ನು ತೋಳಿಗೆ ಸಿಕ್ಕಿಸಿತ್ತು. ಅಂಗಡಿಯೆಲ್ಲ ಜಾಲಾಡಿದ ನಾನು ಅಯಸ್ಕಾಂತವನ್ನು ಅವಳ ಮೈಮೇಲೆ ಮಾತ್ರ ಆಡಿಸಿರಲಿಲ್ಲ. ನಾಯಿಯ ಹಿಂಗಾಲು ಹಿಡಿದಾಗ ಆ ತೋಳು ಅದರ ಹೊಟ್ಟೆಯ ಮುಂದೆ ಬಂದು, ಸೂಜಿ ಚಿತ್ರದಲ್ಲಿ ಕೂತುಬಿಟ್ಟಿತ್ತು.

ಕಾಂಪೌಂಡರ್ ಮೊದಲು ನಕ್ಕ. ಆಮೇಲೆ ಡಾಕ್ಟರಮ್ಮ, "ಅಲ್ರೀ, ನಿಮ್ಮ ತೋಳಿಗೆ ಆಪರೇಷನ್ ಮಾಡ್ತಿದ್ನಲ್ಲ!" ಎಂದು ನಕ್ಕರು. ಚಿಕ್ಕಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಸೂಜಿಯನ್ನು ಬೆರಳುಗಳ ನಡುವೆ ಹಿಡಿದು, "ಹನ್ನೆರಡು" ಎಂದಳು. ತಕ್ಷಣವೇ, "ಹಾಗಾದ್ರೆ ಅದು ಬಾಯಿ ಯಾಕೆ ಕೆರ್ಕೋತಿತ್ತು?" ಎಂದಳು.

ನಗು ನಿಂತಿತು. ಡಾಕ್ಟರಮ್ಮ ಒಳಗೆ ಹೋದರು, ನಾವೂ ಹಿಂದೆಯೇ ಹೋದೆವು. ಮತ್ತಿನಲ್ಲಿದ್ದ ಗುಂಡಿ ಈ ಸಲ ಬಾಯಿ ಬಿಟ್ಟುಕೊಟ್ಟಿತು. ಮೊದಲು ನೋಡಿದ್ದು ನಾಲಿಗೆಯ ಕೆಳಗೆ, ಈಗ ಟಾರ್ಚನ್ನು ಮೇಲಕ್ಕೆ ತಿರುಗಿಸಿದರು. ಅಂಗುಳಿಗೆ ಅಡ್ಡಲಾಗಿ, ಈ ಕಡೆಯ ದವಡೆಹಲ್ಲಿನಿಂದ ಆ ಕಡೆಯ ದವಡೆಹಲ್ಲಿಗೆ ಒಂದು ಕಡ್ಡಿಯ ತುಂಡು ಸಿಕ್ಕಿಕೊಂಡಿತ್ತು. ಒಸಡು ಕೆಂಪಾಗಿ ಊದಿತ್ತು.

"ಮರ ಎಕ್ಸ್‌ರೇಲಿ ಕಾಣಲ್ಲ" ಎಂದರು ಡಾಕ್ಟರಮ್ಮ, ಇಕ್ಕಳ ಕೈಗೆತ್ತಿಕೊಳ್ಳುತ್ತಾ. ಮತ್ತೆ ಚಿಕ್ಕಮ್ಮನ ಬಿಗಿದ ಮುಖ ನೋಡಿ, ಮೆತ್ತಗೆ, "ಇದನ್ನ ಎಳೀಬಹುದಮ್ಮ. ಇದು ಕಣ್ಣಿಗೆ ಪೂರ್ತಿ ಕಾಣ್ತಿದೆ" ಎಂದರು. ಒಂದೇ ಎಳೆತಕ್ಕೆ ಬಂತು. ಇದು ಮುರಿದು ಒಳಗೆ ಹೋಗಿದ್ದರೆ ಕರುಳು ಚುಚ್ಚುತ್ತಿತ್ತು, ಐಸ್‌ಕ್ರೀಮ್ ತಿಂದು ಕಡ್ಡಿ ಎಲ್ಲೆಂದರಲ್ಲಿ ಎಸೆಯುವ ಜನರಿಗೆ ಬುದ್ಧಿ ಯಾವಾಗ ಬರುತ್ತದೋ ಎಂದು ಬೈಯುತ್ತಾ ಅದನ್ನು ತಟ್ಟೆಗೆ ಹಾಕಿದರು.

ಕಡ್ಡಿಯ ಒಂದು ತುದಿ ಬ್ಲೇಡಿನಿಂದ ಕೆತ್ತಿದ್ದಾಗಿತ್ತು.

ನಾನು ಅದನ್ನು ನೋಡಿದೆ. ಚಿಕ್ಕಮ್ಮ ನೋಡಲಿಲ್ಲ, ಅವಳ ಮುಖ ಗುಂಡಿಯ ಕಿವಿಯಲ್ಲಿ ಹೂತಿತ್ತು. ಬೀದಿಯ ಯಾರದೋ ಐಸ್‌ಕ್ರೀಮ್ ಕಡ್ಡಿ ಎಂದೇ ಎಲ್ಲರೂ ಅಂದುಕೊಂಡಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತು.

ಗುಂಡಿಯ ಮತ್ತು ಇಳಿದ ಮೇಲೆ ಮನೆಯ ಕಡೆ ಹೊರಟೆವು. ಬಿಸಿಲು ಜಾರಿತ್ತು. ಚಿಕ್ಕಮ್ಮ ಮತ್ತೆ ಅಂಗೈಯಲ್ಲಿ ರಸ್ತೆ ಮುಟ್ಟಿ ನೋಡಿ ಗುಂಡಿಯನ್ನು ನಡೆಯಲು ಬಿಟ್ಟಳು. ಬ್ಯಾಂಕು ದಾಟಿದೆವು. ಚಪ್ಪಲಿ ಅಂಗಡಿ ದಾಟಿದೆವು. ಮುಳ್ಳಿನ ಮೇಲೆ ನಡೆದ ಹಾಗಾಗುತ್ತಿತ್ತು ನನಗೆ. ಇವತ್ತು ಹೇಳದಿದ್ದರೆ ನಾಳೆ ಹೇಳಲಾರೆ ಎಂದು ಗೊತ್ತಿತ್ತು. ಔಷಧಿ ಅಂಗಡಿಯ ಮುಂದೆ ನಿಂತುಬಿಟ್ಟೆ.

"ಚಿಕ್ಕಮ್ಮ, ಅದು ನನ್ನ ಕಡ್ಡಿ. ಕಾಲರ್ ಕಡ್ಡಿ. ಬೆಳಗ್ಗೆ ಬಿದ್ದೋಯ್ತು, ನಾನು ಹುಡುಕ್ಲಿಲ್ಲ. ಇನ್ನೊಂದು ತಗೊಂಡೆ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವಳ ಬೈಗುಳ ಸಣ್ಣದಲ್ಲ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಅವಳ ಕಾಲುಗಳೂ ಸುಮ್ಮನಿದ್ದವು.

"ಸಂಜೆಯಾಗೋದ್ರೊಳಗೆ ಹೇಳಿಬಿಟ್ಟೆಯಲ್ಲೇ" ಎಂದಳು. "ನಂಗೆ ಒಂಬತ್ತು ವರ್ಷ ಬೇಕಾಯ್ತು."

ನನಗೆ ಅಳು ಒತ್ತರಿಸಿ ಬಂತು. ಅವಳು ಟೇಪಿನ ತುದಿಯಿಂದ ನನ್ನ ಕಣ್ಣು ಒರೆಸಿ, ನಲವತ್ತು ಅಂಗಿ ಯಾರು ನಿಮ್ಮಪ್ಪ ಮುಗಿಸ್ತಾರಾ, ನಡಿ ನಡಿ ಎಂದಳು. ನಾಲ್ಕು ಹೆಜ್ಜೆ ಹೋದವಳು ಗಕ್ಕನೆ ನಿಂತಳು.

"ಆ ಡಬ್ಬೀಲಿ ಒಟ್ಟು ಎಷ್ಟು ಕಡ್ಡಿ ಇತ್ತು?"

ಆರು ವರ್ಷ. ಎಷ್ಟು ಕಡ್ಡಿ ಕೆತ್ತಿದ್ದೆ, ಎಷ್ಟು ಬೀಳಿಸಿದ್ದೆ, ಎಷ್ಟು ಮೇಜಿನ ಕೆಳಗೆ ಉರುಳಿ ಹೋಗಿದ್ದವು, ನನಗೆ ಒಂದರ ಲೆಕ್ಕವೂ ಇರಲಿಲ್ಲ.

"ಗೊತ್ತಿಲ್ಲ" ಎಂದೆ.

ಅವಳು ಗುಂಡಿಯನ್ನು ಮತ್ತೆ ಎತ್ತಿಕೊಂಡು ಬಿರುಸಾಗಿ ನಡೆಯತೊಡಗಿದಳು. ಅಂಗಡಿಯ ಬಾಗಿಲು ಕಾಣುವ ಹೊತ್ತಿಗೆ, ಬೀಗದ ಕೈ ಹಿಡಿದು, ನಾನು ಅವಳಿಗಿಂತ ಮುಂದೆ ಓಡುತ್ತಿದ್ದೆ.